ಕೊಡದವಳ ಜಾಗ

ಮುನಿರತ್ನಮ್ಮ ಬೆಳಗಿನ ಜಾವ ಕಣ್ಣು ಮುಚ್ಚಿದಳು. ಮಧ್ಯಾಹ್ನ ಆಗುವಷ್ಟರಲ್ಲಿ ಊರಬಾಗಿಲಲ್ಲಿ ಅವಳ ಫ್ಲೆಕ್ಸ್ ಎದ್ದಿತ್ತು. 'ಅನ್ನದಾತೆಗೆ ಅಶ್ರುತರ್ಪಣ, ಮತ್ತೆ ಹುಟ್ಟಿ ಬಾ ತಾಯಿ' ಎಂಬ ದಪ್ಪಕ್ಷರದ ಕೆಳಗೆ ಅವಳ ಮುಖಕ್ಕಿಂತ ದೊಡ್ಡದಾಗಿ ಮೈದುನ ಗೋವಿಂದರಾಜುವಿನ ಮುಖ, ಕೂಲಿಂಗ್ ಗ್ಲಾಸ್ ಸಮೇತ. ಸತ್ತವಳ ವಾರಗಿತ್ತಿ ವರಲಕ್ಷ್ಮಮ್ಮ ಅದನ್ನು ಕೆಳಗಿಂದ ಮೇಲಕ್ಕೆ ನೋಡಿದಳು. ಹುಟ್ಟಿ ಬರಬೇಕಂತೆ, ಇವರಿಗೆ ದೋಚಿಕೊಳ್ಳಲು ಇನ್ನೂ ಏನೋ ಬಾಕಿ ಉಳಿದಿರಬೇಕು ಎಂದು ಮನಸ್ಸಿನಲ್ಲೇ ಉಗಿದು ಶಾಮಿಯಾನದೊಳಗೆ ಬಂದು ಹೆಣದ ತಲೆದೆಸೆಗೆ ಕೂತಳು.

ಈ ವರಲಕ್ಷ್ಮಮ್ಮ ಆ ಮನೆಯ ಹಿರೀಮಗನ ವಿಧವೆ, ಊರಿಗೇ ಹೆಸರಾದ ಜಿಪುಣಿ. ಅವಳ ಬೇಲಿಯ ನುಗ್ಗೆಸೊಪ್ಪಿಗೆ ಕೈಹಾಕಿದವರು ತಮ್ಮ ಅಜ್ಜ ಮುತ್ತಜ್ಜರನ್ನೂ ಬೈಸಿಕೊಂಡು ಹೋಗಬೇಕಿತ್ತು. ಮುನಿರತ್ನಮ್ಮ ನಡುವಿನವನ ಹೆಂಡತಿ. ಗಂಡ ಪಿಳ್ಳಣ್ಣ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕು ಸತ್ತ, ಮಕ್ಕಳಿರಲಿಲ್ಲ. ಅಂಥವಳು ಮೈ ಹಿಡಿ ಮಾಡಿಕೊಂಡು ತೆಪ್ಪಗೆ ಕೂರುವುದು ಬಿಟ್ಟು ತಿರುಪತಿ ತಿಮ್ಮಪ್ಪನನ್ನು ಕಟ್ಟಿಕೊಂಡಳು. ಶ್ರಾವಣ ಶನಿವಾರ ಬಂದರೆ ಹಣೆಗೆ ನಾಮ ಬಳಿದುಕೊಂಡು, ತಾಮ್ರದ ಚೆಂಬು ಹಿಡಿದು, ಮನೆಮನೆ ಮುಂದೆ 'ಗೋವಿಂದಾ' ಎಂದು ಕೂಗಿ ಅಕ್ಕಿ ಎತ್ತುವಳು. ಬೇರೆಯವರು ಆ ಅಕ್ಕಿಯಲ್ಲಿ ದೇವರಿಗೆ ಎಡೆಯಿಟ್ಟು ತಾವೇ ಉಂಡರೆ, ಇವಳು ತನ್ನ ಮನೆಯ ಅಕ್ಕಿಯನ್ನೂ ಸೇರಿಸಿ ಬೇಯಿಸಿ, ಏರ್‌ಪೋರ್ಟ್ ಕಟ್ಟಲು ಬಂದು ತಗಡಿನ ಶೆಡ್ಡುಗಳಲ್ಲಿ ಬಿದ್ದಿದ್ದ ಕೂಲಿಯವರಿಗೆ ಹೊತ್ತುಕೊಂಡು ಹೋಗಿ ಬಡಿಸುತ್ತಿದ್ದಳು. ಅವರ ಭಾಷೆ ಇವಳಿಗೆ ಬರದು, ಇವಳದು ಅವರಿಗೆ ಬರದು.

ವರಲಕ್ಷ್ಮಮ್ಮನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಶನಿವಾರ ಬಾಗಿಲು ಹಾಕಿಕೊಂಡು ಒಳಗೆ ಕೂರುವಳು. ಮುನಿರತ್ನಮ್ಮ ಬಿಡಬೇಕಲ್ಲ, ಬಾಗಿಲು ತೆರೆಯುವ ತನಕ ಗೋವಿಂದನನ್ನು ಕೂಗುತ್ತಲೇ ನಿಲ್ಲುವಳು. ಕೊನೆಗೆ ಪೀಡೆ ತೊಲಗಲಿ ಎಂದು ಇವಳು ಒಂದು ಹಿಡಿ ಅಕ್ಕಿ ಸುರಿಯಬೇಕು. ಸಕ್ಕರೆ ಕಾಯಿಲೆ ಮೊದಲು ಮುನಿರತ್ನಮ್ಮನ ಕಾಲ್ಬೆರಳು ತಿಂದಿತು, ಆಮೇಲೆ ಮಂಡಿಯವರೆಗೆ ಕಾಲು ಹೋಯಿತು, ಕಿಡ್ನಿಯೂ ಕೆಟ್ಟಿತು. ಲೋಟ ನೀರನ್ನೂ ಅಳೆದು ಕುಡಿಯಬೇಕಾದ ಹೆಂಗಸು ಡಯಾಲಿಸಿಸ್‌ಗೆ ಹೊರಟಾಗಲೂ ಪಕ್ಕದ ಮಂಚದವರ ಕಡೆಯವರಿಗೆಂದು ಪುಳಿಯೋಗರೆ ಕಟ್ಟಿಸಿಕೊಳ್ಳುತ್ತಿದ್ದಳು. ಆ ಪುಳಿಯೋಗರೆ ಕಲಸಿ ಕಟ್ಟುತ್ತಿದ್ದವಳು ವರಲಕ್ಷ್ಮಮ್ಮನೇ. ಕಟ್ಟುವಷ್ಟು ಹೊತ್ತೂ ಬೈಯುವಳು. ಅವಳನ್ನು ಬೈಯದೆ ಇವಳಿಗೆ ಒಂದು ದಿನವೂ ಕಳೆಯುತ್ತಿರಲಿಲ್ಲ. ನಾಳೆಯಿಂದ ಯಾರನ್ನು ಬೈಯುವುದು?

ಮುನಿರತ್ನಮ್ಮ ಕೊಟ್ಟು ಕೆಟ್ಟಿದ್ದರಲ್ಲಿ ದೊಡ್ಡದು ಹೊಲದ್ದು. ಗೋವಿಂದರಾಜು ಮಗಳ ಮದುವೆಗೆಂದು ಅತ್ತು ಕರೆದು ಅವಳ ಪಾಲಿನ ಹೊಲವನ್ನು ತನ್ನ ಹೆಸರಿಗೆ ಬರೆಸಿಕೊಂಡ. ಅಲ್ಲೇ ಬದುವಿನ ಪಕ್ಕದಲ್ಲಿ ಪಿಳ್ಳಣ್ಣನನ್ನು ಹೂತಿದ್ದರು. ಅವಳು ಕೇಳಿದ್ದು ಒಂದೇ, ಗಂಡನ ಪಕ್ಕ ತನಗೂ ಜಾಗ ಬಿಡಬೇಕು ಎಂದು. ಗೋವಿಂದರಾಜು ತಿಮ್ಮಪ್ಪನ ಪಟ ಮುಟ್ಟಿ ಆಣೆ ಮಾಡಿದ್ದ. ಏರ್‌ಪೋರ್ಟಿನಿಂದ ವಿಮಾನ ಹಾರಲು ಶುರುವಾದ ಮೇಲೆ ಆ ಹೊಲದಲ್ಲಿ ರಾಗಿ ಹೋಗಿ ಬಿಳೀ ಕಲ್ಲು ಎದ್ದವು, ಲೇಔಟ್ ಆಯಿತು.

ಈಗ ಅವನು ಊರ ಹಿರಿಯ ಕೊಂಡಪ್ಪನ ಮುಂದೆ ಕೈಕಟ್ಟಿ ನಿಂತು ಹೊಸ ರಾಗ ತೆಗೆದ. ನಾಳೆ ಬೆಂಗಳೂರಿನ ಪಾರ್ಟಿ ಸೈಟು ನೋಡಲು ಬರುತ್ತದೆ, ಹಸೀ ಗುಂಡಿ ಕಂಡರೆ ಯಾರು ಕೊಳ್ಳುತ್ತಾರೆ? ಅಣ್ಣನನ್ನು ಹೂತ ಗುಡ್ಡೆಯನ್ನು ಪಾರ್ಕಿನಲ್ಲಿ ಸೇರಿಸಿಯಾಗಿದೆ, ಅತ್ತಿಗೆಯನ್ನು ಊರ ಸ್ಮಶಾನಕ್ಕೇ ಒಯ್ಯೋಣ ಎಂದ. ಆಮೇಲೆ ಕಣ್ಣಿಗೆ ಟವಲು ಒತ್ತಿಕೊಂಡ.

"ನಮ್ಮತ್ತಿಗೆ ಬದುಕಿದ್ದಿದ್ರೆ ಅವ್ರೇ ಬಿಟ್ಕೊಡೋರು. ಕೊಡೋ ಕೈ ಅದು."

ಶಾಮಿಯಾನದ ತಲೆಗಳೆಲ್ಲ ಅಲ್ಲಾಡಿದವು. ಅವಳ ಅನ್ನ ತಿನ್ನದ ತಲೆ ಅಲ್ಲಿ ಒಂದೂ ಇರಲಿಲ್ಲ. ಸೊಸೆ ಮನೆಯಿಂದ ಹೊರಗೆ ಹಾಕಿದಾಗ ಒಂದು ವರ್ಷ ಅವಳ ಜಗಲಿಯಲ್ಲೇ ಉಂಡು ಮಲಗಿದ್ದ ಕೊಂಡಪ್ಪನೂ, ಹೌದಪ್ಪ, ಅವಳದು ಅಂಥ ಗುಣವೇ ಎಂದು ನಿಟ್ಟುಸಿರು ಬಿಟ್ಟ. ಉಂಡ ಬಾಯಿಗಳು ಎಷ್ಟು ಸಲೀಸಾಗಿ ಹೊರಳುತ್ತವೆ ಎಂದು ವರಲಕ್ಷ್ಮಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಬದುವಿನ ಈಚೆಗಿದ್ದ ಹೊಲದ ಪಟ್ಟಿ ವರಲಕ್ಷ್ಮಮ್ಮನ ಪಾಲಿನದು. ಪಿಳ್ಳಣ್ಣನ ಗುಡ್ಡೆಗೂ ಅದಕ್ಕೂ ನಡುವೆ ಬದುವಷ್ಟೇ ಅಡ್ಡ. ಲೇಔಟಿನ ರಸ್ತೆ ಆ ಪಟ್ಟಿಯ ಮೇಲೇ ಬರಬೇಕಿತ್ತು. ಬದಲಿಗೆ ಮೂಲೆ ಸೈಟು ಕೊಡುವುದಾಗಿ ಗೋವಿಂದರಾಜು ಒಪ್ಪಿದ್ದ, ಇವಳೂ ಹೂಂ ಅಂದಿದ್ದಳು. ಆ ಮೂಲೆಯಲ್ಲಿ ಅಂಗಡಿ ಕಟ್ಟಿಸಿ ಬಾಡಿಗೆ ಎಣಿಸುವುದನ್ನು ಎಷ್ಟೋ ಸಲ ನೆನೆದು ಸುಖಪಟ್ಟಿದ್ದಳು. ಈಗಲೂ ನೆನೆದಳು. ಹಾಳಾಗಿ ಹೋಗಲಿ ಎಂದು ಮಂಡಿ ಹಿಡಿದುಕೊಂಡು ಎದ್ದು, ಹಾರೆ ಗುದ್ದಲಿ ಹಿಡಿದು ಕಾಯುತ್ತಿದ್ದವರನ್ನು ಕರೆದು ತನ್ನ ಪಟ್ಟಿಯಲ್ಲಿ, ಬದುವಿಗೆ ಒತ್ತಿ ಅಗೆಯಲು ಹೇಳಿದಳು.

ಗೋವಿಂದರಾಜು ಹಿಂದೆಯೇ ಓಡಿ ಬಂದ. "ಅತ್ತಿಗಮ್ಮಾ, ಅದು ರೋಡ್ ಬರೋ ಜಾಗ. ನಿಮ್ ಸೈಟೂ ಹೋಗುತ್ತೆ ನೋಡಿ."

"ಹೋಗ್ಲಿ. ರೋಡೂ ಬರಲ್ಲ."

ಅವನ ಮುಖ ಕಪ್ಪಿಟ್ಟಿತು. ಗಾಳಿ ಯಾವ ಕಡೆಗೆ ತಿರುಗಿತೆಂದು ಕೊಂಡಪ್ಪನಿಗೆ ಹೊಳೆಯಲು ಬಹಳ ಹೊತ್ತು ಹಿಡಿಯಲಿಲ್ಲ. ಕೋಲೂರಿಕೊಂಡು ಬಂದು, ನಿನ್ನದೂ ದೊಡ್ಡ ಮನಸ್ಸು ಕಣಮ್ಮ, ಥೇಟು ಅವಳ ಹಾಗೇ ಎಂದು ಹೊಗಳತೊಡಗಿದ. ವರಲಕ್ಷ್ಮಮ್ಮನಿಗೆ ಅಲ್ಲಿಯವರೆಗೆ ತಡೆದಿದ್ದ ಸಿಟ್ಟೆಲ್ಲ ನೆತ್ತಿಗೇರಿತು.

"ಬಾಯಿ ಮುಚ್ಚು ಕೊಂಡಪ್ಪ. ಕೊಡೋಳು ಅಲ್ಲಿ ಮಲಗವ್ಳೆ. ನಾನು ಕೊಡೋಳಲ್ಲ. ಇವನಿಗೂ ಕೊಡಲ್ಲ, ನಿಂಗೂ ಕೊಡಲ್ಲ. ನನ್ ಜಾಗದಲ್ಲಿ ನನ್ ವಾರಗಿತ್ತಿ ಇರ್ತಾಳೆ, ಅಷ್ಟೇ."

ಇಳಿಬಿಸಿಲ ಹೊತ್ತಿಗೆ ಮುನಿರತ್ನಮ್ಮನನ್ನು ಗಂಡನ ಕಡೆಗೆ ಮಗ್ಗುಲಾಗಿ ಇಳಿಸಿದರು. ಅವಳ ಅನ್ನ ಉಂಡವರೆಲ್ಲ ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕಿ, ಮಹಾತಾಯಿ ಎಂದು ಮೂಗು ಸೀಟಿ ಹೋದರು. ಕೊನೆಗೆ ವರಲಕ್ಷ್ಮಮ್ಮ ಬಂದಳು. ಅಳು ಬರಬಾರದೆಂದು ಹಲ್ಲು ಕಚ್ಚಿದ್ದಳು, ಆದರೂ ಬಂತು. ಮಣ್ಣು ಹಿಡಿದ ಕೈಯನ್ನು ಗುಂಡಿಯ ಮೇಲೆ ಚಾಚಿ ಗದರಿಸಿದಳು.

"ರತ್ನಾ, ಇದು ನಂದು ಕಣೇ. ಇದ್ನೂ ಯಾರಿಗಾದ್ರೂ ಕೊಟ್ಬಿಟ್ಟೀಯ, ಹುಷಾರು."