ಇಂಗ್ಲಿಷ್ ಹಾಡಿಗೆ ಹೂಂ

ನಮ್ಮ ಮನೆಯವರನ್ನು ಅಷ್ಟು ಜನ ಒಟ್ಟಿಗೆ ಹೊಗಳಲು ಶುರುಮಾಡಿದಾಗಲೇ ನನಗೆ ಅನುಮಾನ ಬಂತು. ಮೂವತ್ತು ವರ್ಷ ಅವರ ಜೊತೆ ಬಾಳಿದವಳು ನಾನು. ಅವರಲ್ಲಿ ಹೊಗಳುವಂಥದ್ದು ಏನಿದೆ, ಎಷ್ಟಿದೆ ಎಂದು ನನಗೆ ಗೊತ್ತಿಲ್ಲವೇ?

ಅವರ ಹೆಸರು ಮಹದೇವಸ್ವಾಮಿ. ವಿಜಯನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ. ಅವರಪ್ಪ ತಂಬೂರಿ ಹಿಡಿದು ಊರೂರು ತಿರುಗಿ ಕಥೆ ಹಾಡುತ್ತಿದ್ದವರು. ಆ ತಂಬೂರಿ ನಮ್ಮ ಮನೆಯ ಗೋಡೆಯ ಮೇಲೆ ಧೂಳು ತಿನ್ನುತ್ತಿತ್ತು. ಕೇಳುವವರಿಲ್ಲದ ಮೇಲೆ ಯಾರಿಗೆ ಹಾಡುವುದು ಎಂದು ಇವರು ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ಅಂಥವರನ್ನು ಅದೇ ಅಪಾರ್ಟ್‌ಮೆಂಟಿನ ಗಾರ್ಗಿ ಎಂಬ ಹುಡುಗಿ ಹಿಡಿದಳು. ಅವಳದೊಂದು ಬ್ಯಾಂಡು. ಗಿಟಾರು, ಡ್ರಮ್ಮು, ಜಾನಪದ, ರಾಕು ಎಲ್ಲ ಒಟ್ಟಿಗೆ ಕಲಸಿದ್ದು. ಗೇಟಿನ ಬಳಿ ಕೂತು ಇವರು ಗುನುಗಿದ್ದನ್ನು ಕೇಳಿ, "ಅಪ್ಪಾಜಿ, ನಮ್ ಜೊತೆ ಬನ್ನಿ" ಅಂದಳಂತೆ. ಇವರು ಹೋಗಿಯೇಬಿಟ್ಟರು.

ಹೋಗಲಿ, ನಮ್ಮ ಪದ ಹಾಡಿದ್ದರೆ ಸರಿ. ಹೆಸರು ತಂದದ್ದು ಇಂಗ್ಲಿಷ್ ಹಾಡು! ಇಂಗ್ಲೆಂಡಿನಲ್ಲಿ ಯಾವುದೋ ಕಾಲದ ಹಳ್ಳಿ ಜನ ಹಾಡುತ್ತಿದ್ದ ಪದವಂತೆ. ಗಂಡ ಹಡಗು ಹತ್ತಿ ಹೋಗುತ್ತಾನೆ, ಹೆಂಡತಿ ದಡದಲ್ಲಿ ನಿಂತು ಬಂದ ಬಂದ ಹಡಗಿನವರನ್ನೆಲ್ಲ ವಿಚಾರಿಸುತ್ತಾಳೆ. ಹಾಡುವುದು ಗಾರ್ಗಿ. ಇವರದು ತಂಬೂರಿ ಮೀಟುವುದು, ಅವಳು ಸಾಲು ಮುಗಿಸಿದಾಗಲೆಲ್ಲ "ಹೂಂ" ಅನ್ನುವುದು. ನಮ್ಮಲ್ಲಿ ಕಥೆ ಹಾಡುವಾಗ ಹೂಂಗುಟ್ಟುವವರು ಬೇಕೇಬೇಕು. ಮಾವನವರಂತೂ ಯಾರೂ ಹೂಂ ಅನ್ನದಿದ್ದರೆ ಮುಂದಿನ ಸಾಲನ್ನೇ ಎತ್ತುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನೂ ಹಿಂದೆ ಕೂತು ಹೂಂ ಅಂದವಳೇ. ಆದರೆ ಇಂಗ್ಲಿಷಿಗೆ ಹೂಂ ಅನ್ನುವುದೆಂದರೆ? ಎಬಿಸಿಡಿ ಪೂರ್ತಿ ಬಾರದ ಮನುಷ್ಯ!

ಒಂದು ದಿನ ಫೋನಿನಲ್ಲಿ ಆ ಹಾಡಿನ ವಿಡಿಯೋ ತೋರಿಸಿದರು. ಕೆಳಗೆ ಸಾಲುಸಾಲು ಹಳದಿ ಮುಖಗಳು. ಬಾಯಲ್ಲಿ ನಗು, ಕಣ್ಣಲ್ಲಿ ನೀರು.

"ನೋಡು, ಎಲ್ರೂ ಅತ್ಬುಟ್ಟವ್ರೆ" ಎಂದು ಹಿಗ್ಗಿದರು.

"ಅಳ್ತಾ ಇಲ್ಲ ಕಣ್ರೀ. ಬಿದ್ದು ಬಿದ್ದು ನಗ್ತಾವ್ರೆ."

ಅವರ ಮುಖ ಸಣ್ಣದಾಯಿತು. ನನಗೆ ಸಂಕಟವಾಯಿತು. ಎಷ್ಟೋ ವರ್ಷದ ಮೇಲೆ ತಂಬೂರಿಗೆ ಹೊಸ ತಂತಿ ಕಟ್ಟಿದ್ದರು, ಬೆಳಿಗ್ಗೆ ಬೇಗ ಎದ್ದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಈ ಹುಡುಗರು ಅವರನ್ನು ಕೋತಿ ಕುಣಿಸಿದ ಹಾಗೆ ಕುಣಿಸುತ್ತಿದ್ದರೆ? ಅದು ತಿಳಿದ ದಿನ ತಂಬೂರಿ ಮತ್ತೆ ಗೋಡೆ ಸೇರುತ್ತದೆ, ಇನ್ನೆಂದೂ ಇಳಿಯುವುದಿಲ್ಲ. ಅದಕ್ಕೆ ಮೊದಲು ನಾನೇ ಹೋಗಿ ನೋಡಬೇಕು ಅಂದುಕೊಂಡೆ.

ಭಾನುವಾರ ಸಂಜೆ ಬೋಗಾದಿಯಲ್ಲಿ, ಒಂದು ಕಾಫಿ ಅಂಗಡಿಯ ಹಿಂದಿನ ಬಯಲಿನಲ್ಲಿ ಅವರ ಕಾರ್ಯಕ್ರಮ. ಬನ್ನಿಮಂಟಪದ ತಂಗಿಯ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಹೊರಟವಳು, ತಲೆ ತುಂಬ ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ನಿಂತೆ. ಸುತ್ತ ಬರೀ ಕಾಲೇಜಿನವರು. ಇವರು ಪೇಟ ಸುತ್ತಿಕೊಂಡು ವೇದಿಕೆ ಹತ್ತಿದ್ದೇ ತಡ, "ಅಪ್ಪಾಜಿ! ಅಪ್ಪಾಜಿ!" ಎಂದು ಕಿರುಚಿದರು. ಇಷ್ಟೊಂದು ಪ್ರೀತಿ ಸುಮ್ಮಸುಮ್ಮನೆ ಯಾರಿಗೆ ಬರುತ್ತದೆ?

ಗಾರ್ಗಿ ಮೊದಲ ಸಾಲು ಹಾಡಿದಳು. ಇವರು "ಹೂಂ" ಅಂದರು. ಅದರ ಹಿಂದೆಯೇ ಇಡೀ ಗುಂಪು "ಹೂಂ" ಅಂದಿತು. ನನ್ನ ಮೈ ಉರಿದುಹೋಯಿತು. ಅಣಕಿಸುತ್ತಿದ್ದಾರೆ, ಇನ್ನೇನು!

ಪಕ್ಕದಲ್ಲಿದ್ದ ಹುಡುಗಿಯನ್ನು ಮೆಲ್ಲಗೆ ಕೇಳಿದೆ. "ಈ ಹಾಡು ನಿಂಗೆ ಅರ್ಥ ಆಯ್ತದೇನಮ್ಮ?"

"ಪೂರ್ತಿ ಇಲ್ಲ ಆಂಟಿ. ಹಳೇ ಇಂಗ್ಲಿಷು."

"ಮತ್ಯಾಕೆ ಹೂಂ ಅಂತೀಯ?"

"ಅಪ್ಪಾಜಿ ಅಂತಾರಲ್ಲ."

ಇದೂ ಒಂದು ಉತ್ತರವೇ? ನನಗೆ ನಂಬಿಕೆ ಬರಲಿಲ್ಲ.

ಸೀರೆ ಕೊಳ್ಳುವಾಗ ನನ್ನದೊಂದು ಉಪಾಯವಿದೆ. ಇಷ್ಟವಾದ ಸೀರೆಯನ್ನೇ ಮೊದಲು ಹಳಿಯುತ್ತೇನೆ. ಅಂಗಡಿಯವನು ನಕ್ಕು ಬೇರೆಯದನ್ನು ತೆಗೆದರೆ ಅದರಲ್ಲಿ ಐಬಿದೆ ಎಂದು ಲೆಕ್ಕ. ರೇಗಿದರೆ ಮಾಲು ಗಟ್ಟಿ. ಅದನ್ನೇ ಇಲ್ಲೂ ಮಾಡಿದೆ. ಎರಡು ಸಾಲಿನ ನಡುವೆ ಸದ್ದು ತಗ್ಗಿದಾಗ ದನಿ ಎತ್ತಿ, "ಏನ್ ಗ್ರಹಚಾರನಪ್ಪ! ಒಂದಕ್ಷರ ಇಂಗ್ಲಿಷ್ ಬರಲ್ಲ, ಕೋಲೆ ಬಸವ ತಲೆ ಆಡಿಸ್ದಂಗೆ ಹೂಂ ಹೂಂ ಅಂತದೆ ಈ ಮುದುಕ!" ಅಂದೆ.

ಯಾರೂ ನಗಲಿಲ್ಲ. ಆ ಹುಡುಗಿ ಸರ್ರನೆ ನನ್ನ ಕಡೆ ತಿರುಗಿದಳು.

"ಬಾಯಿ ಮುಚ್ಕೊಂಡು ಕೇಳಂಗಿದ್ರೆ ಕೇಳಿ ಆಂಟಿ, ಇಲ್ಲಾಂದ್ರೆ ಗೇಟ್ ಅಲ್ಲಿದೆ. ಅಪ್ಪಾಜಿ ಬಗ್ಗೆ ಇನ್ನೊಂದ್ ಮಾತಾಡಿದ್ರೆ ಚೆನ್ನಾಗಿರಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಬಾಯಲ್ಲಿ ನಗು ಇರಲಿಲ್ಲ.

ಅವಳನ್ನು ತಬ್ಬಿಕೊಂಡುಬಿಡಬೇಕು ಅನ್ನಿಸುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಗಾರ್ಗಿ ಮುಂದಿನ ಸಾಲು ಮುಗಿಸಿದಳು. ಹೂಂ ಬರಲಿಲ್ಲ.

ಇವರ ಬೆರಳು ತಂತಿಯ ಮೇಲೆ ನಿಂತುಬಿಟ್ಟಿತ್ತು. ಕಣ್ಣು ಗುಂಪಿನಲ್ಲಿ ಹುಡುಕುತ್ತಿತ್ತು. ಮೂವತ್ತು ವರ್ಷ ಕೇಳಿದ ದನಿ, ಗುರುತು ಸಿಗದೆ ಇರುತ್ತದೆಯೇ? ನನ್ನ ಹಾಳು ಬಾಯಿ! ತಂಬೂರಿಯನ್ನು ಗೋಡೆಗೆ ಕಳಿಸುವವರು ಈ ಹುಡುಗರಲ್ಲ, ನಾನೇ. ಗಾರ್ಗಿ ಕಾದಳು. ಡ್ರಮ್ಮಿನವನು ಕೋಲು ಇಳಿಸಿದ. ಅಪ್ಪಾಜಿ ಅನ್ನದೆ ತಾವು ಅನ್ನಬಾರದು ಎಂಬಂತೆ ಗುಂಪಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ನಾನು ತಲೆಯ ಮೇಲಿನ ಸೆರಗು ತೆಗೆದೆ. ಮಾವನವರ ಹಿಂದೆ ಕೂತು ಅನ್ನುತ್ತಿದ್ದಷ್ಟೇ ಗಟ್ಟಿಯಾಗಿ, "ಹೂಂ!" ಅಂದೆ.

ಇವರು ನನ್ನನ್ನು ಕಂಡರು. ಆಮೇಲೆ ಪೇಟ ಸರಿಮಾಡಿಕೊಂಡು, ನನಗೆ ಮಾತ್ರ ಅನ್ನುವ ಹಾಗೆ "ಹೂಂ" ಅಂದರು. ತಂಬೂರಿ ಮಿಡಿಯಿತು. ಇಡೀ ಗುಂಪು ಹೂಂ ಅಂದಿತು.

ಪಕ್ಕದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈಗ್ ತಾನೆ ಬಯ್ತಿದ್ರಿ, ಈಗ ನೀವೇ ಹೂಂ ಅಂತೀರ. ಯಾರು ನೀವು?"

"ಸುಮ್ನೆ ಕೇಳಮ್ಮ, ಮುಂದಿನ ಸಾಲು ಬತ್ತದೆ" ಅಂದೆ. ಅಳು ಉಕ್ಕಿ ಬರುತ್ತಿತ್ತು, ನಗುವೂ ಬರುತ್ತಿತ್ತು.

ಹಾಡು ಮುಗಿಯುವ ತನಕ ಅವಳು ನನ್ನ ಮೇಲೆ ಒಂದು ಕಣ್ಣಿಟ್ಟೇ ಇದ್ದಳು.