ಕದಿರಮ್ಮನ ಕೋಲು

ಅತ್ತೆ ಸತ್ತು ವರ್ಷ ತುಂಬಿದ ಮೇಲೆ, ಒಂದು ಸಂಜೆ, ನಾಗಮಣಿ ಅತ್ತೆಯ ಕೋಲನ್ನು ಕೈಗೆ ತೆಗೆದುಕೊಂಡಳು. ಬೇರೆ ದಾರಿ ಇರಲಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ರೇಷ್ಮೆಹುಳಕ್ಕೆ ಹಾಕುವಷ್ಟರಲ್ಲಿ ಮಂಡಿ, ಸೊಂಟ, ಹಿಮ್ಮಡಿ ಮೂರೂ ಮಾತಾಡಿಕೊಂಡವರಂತೆ ಒಟ್ಟಿಗೆ ಕೈಕೊಟ್ಟಿದ್ದವು. ಹುಳದ ಮನೆಯ ಸೂರಿನಲ್ಲಿ ಸಿಕ್ಕಿಸಿದ್ದ ಕೋಲನ್ನು ಎಳೆದು, ಅದನ್ನು ಊರಿಕೊಂಡು ಮನೆಯತ್ತ ಬಂದಳು. ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಟಕ್, ಒಂದು ಹೆಜ್ಜೆ, ಮತ್ತೆ ಟಕ್. ಒಳಗೆ ಹೋಂವರ್ಕ್ ಬರೆಯುತ್ತಿದ್ದ ಮಗಳು ಸುಶ್ಮಿತಾ ತಲೆ ಎತ್ತದೆ ಕೂಗಿದಳು.

"ಅಜ್ಜೀ, ಬಂದ್ಯಾ?"

ನಾಗಮಣಿ ನಿಂತಲ್ಲೇ ನಿಂತಳು. ಕೋಲು ಕೈಯಿಂದ ಜಾರಿ ಬಿತ್ತು. ಒಳಗೆ ಮಗು ನಾಲಿಗೆ ಕಚ್ಚಿಕೊಂಡಿತು.

ಭಯವಾಗದೆ ಏನು? ಅತ್ತೆ ಕದಿರಮ್ಮ ಸಾಯುವ ಮುಂಚೆ ಇದೇ ಮಂಡಿ ಹಿಡಿದುಕೊಂಡು ನರಳುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮೈ ಕಾಯುತ್ತಿತ್ತು, ಆಮೇಲೆ ಸೀರೆ ಹಿಂಡುವಷ್ಟು ಬೆವರು. ಆ ಬೆವರಿಗೆ ಒದ್ದೆ ಹುಲ್ಲಿನ ವಾಸನೆ. ಪಡಸಾಲೆಯ ಚಾಪೆಯ ಮೇಲಿಂದ "ಕಾಲು ಒತ್ತೇ ಅಮ್ಮಿ" ಎಂದು ಕರೆಯುತ್ತಿದ್ದಳು. ಒತ್ತುತ್ತಾ ನಾಗಮಣಿ ಎಲ್ಲರೂ ಹೇಳುವುದನ್ನೇ ಹೇಳಿದ್ದಳು, "ವಯಸ್ಸಾಯ್ತಲ್ಲತ್ತೆ, ಇನ್ನೇನು." ಮುದುಕಿ ಸೊಸೆಯ ಮುಖವನ್ನು ದುರುಗುಟ್ಟಿ ನೋಡಿ ಅಂದಿದ್ದು ಇಷ್ಟೇ.

"ನಿಂಗೆ ಬಂದಾಗ ಗೊತ್ತಾಗ್ತದೆ ಕಣಮ್ಮಿ."

ಈಗ ಬಂದಿತ್ತು. ಅದೇ ಬಲಮಂಡಿ, ಅದೇ ಹೊತ್ತು, ಅದೇ ಬೆವರು. ಬೆಳಿಗ್ಗೆ ದಿಂಬು ಎತ್ತಿದರೆ ಒದ್ದೆ ಹುಲ್ಲಿನ ವಾಸನೆ ಬರುತ್ತಿತ್ತು. ಮೂವತ್ತೂ ದಾಟದ ಹೆಂಗಸು ತನ್ನ ದಿಂಬಿನಲ್ಲಿ ಸತ್ತ ಅತ್ತೆಯ ವಾಸನೆ ಹಿಡಿದರೆ ಯಾರಿಗೆ ಹೇಳಿಕೊಳ್ಳಬೇಕು? ಗಂಡ ಗಂಗರಾಜುವಿಗೆ ಹೇಳಿದಳು. ಲಗೇಜ್ ಆಟೋ ಓಡಿಸಿಕೊಂಡು ಸುಮ್ಮನಿರುವ ಮನುಷ್ಯ. "ಹುಚ್ಚುಹುಚ್ಚಾಗಿ ಮಾತಾಡ್ಬ್ಯಾಡ, ಡಾಕ್ಟ್ರತ್ರ ಹೋಗಾನ ನಡಿ" ಅಂದ.

ಆ ಡಾಕ್ಟರುಗಳ ಕಥೆ ಕೇಳಬೇಡಿ. ಮಡಕಶಿರದಲ್ಲಿ ಒಬ್ಬರು ಸೊಂಟಕ್ಕೆ ಸೂಜಿ ಚುಚ್ಚಿ ವಾತ ಅಂದರು. ಪಾವಗಡದಲ್ಲಿ ಒಬ್ಬರು ಸುಣ್ಣದಂಶ ಕಮ್ಮಿ ಎಂದು ಸೀಮೆಸುಣ್ಣದಂಥ ಮಾತ್ರೆ ಕೊಟ್ಟರು. ಹಿಂದೂಪುರದ ಮೂಳೆ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು "ಏಂ ಲೇದಮ್ಮಾ" ಎಂದು ತೆಲುಗಿನಲ್ಲಿ ನಕ್ಕರು. ಏನೂ ಇಲ್ಲವಂತೆ! ಏನೂ ಇಲ್ಲದ್ದು ಮೆಟ್ಟಿಲು ಹತ್ತಲು ಬಿಡುವುದಿಲ್ಲವೇ? ಕಾಣುವ ರೋಗವಾಗಿದ್ದರೆ ಎಕ್ಸರೇಯಲ್ಲಿ ಕಾಣುತ್ತಿತ್ತು. ಕಾಣದ್ದು ಯಾವುದು ಎಂದು ನಾಗಮಣಿಗೆ ಖಾತ್ರಿಯಾಗುತ್ತಾ ಬಂತು.

ರಾಯದುರ್ಗದಲ್ಲಿದ್ದ ಅಕ್ಕ ಸೌಭಾಗ್ಯಳಿಗೂ ಖಾತ್ರಿಯಾಯಿತು. ಬಟ್ಟೆ ಹೊಲಿಯುವ ಮಿಷನ್ನು ನಿಲ್ಲಿಸಿ, ತನ್ನಲ್ಲಿಗೆ ಬಂದ ತಂಗಿಯನ್ನು ಆಟೋಗೆ ಹತ್ತಿಸಿ, ಅಂಜನ ಹಾಕಿ ನೋಡುವ ರೇವಣಸಿದ್ದಯ್ಯನ ಮನೆಗೆ ಕರೆದುಕೊಂಡು ಹೋದಳು. ಆತ ವೀಳ್ಯದೆಲೆಗೆ ಕಪ್ಪು ಬಳಿದು ಬಹಳ ಹೊತ್ತು ನೋಡಿದ.

"ಯವ್ವಾ, ನಿಮ್ಮತ್ತಿ ಎಲ್ಲಿಗೂ ಹೋಗಿಲ್ಲ. ನಿನ್ನ ಕಾಲಾಗ ಕುಂತಾಳ. ಬಾಯಾರೈತಿ ಆಕಿಗೆ. ಆಕಿ ಹೆಸರಿಲೆ ಮನ್ಯಾಗ ಏನೈತಿ?"

"ಒಂದು ಕರಿಯಾಡೈತೆ, ಸ್ವಾಮಿ."

ಕದಿರಮ್ಮನ ಮುದ್ದಿನ ಆಡು ಅದು. ಅದರ ಹಾಲನ್ನು ಆಕೆ ಎಂದೂ ಒಲೆಗಿಟ್ಟವಳಲ್ಲ. ಕಾಸಿದರೆ ಆಡಿನ ಕೆಚ್ಚಲು ಸುಡುತ್ತದೆ ಎಂದು ಆಕೆಯ ನಂಬಿಕೆ. ಕರೆದ ನೊರೆಹಾಲನ್ನು ಹಾಗೇ ಕುಡಿಯುತ್ತಿದ್ದಳು. ಆಕೆ ಸತ್ತ ಮೇಲೆ ಆಡನ್ನು ಮಾರದೆ ಹಿರಿಯರ ಹೆಸರಿಗೆಂದು ಬಿಟ್ಟಿದ್ದರು.

"ಹಂಗಾರ ಅದರ ಹಾಲು ದಿನಾ ಸಂಜಿಕ ಆಕಿ ಫೋಟೋದ ಮುಂದಿಡು. ಬೆಂಕಿ ಮುಟ್ಟಿಸಬ್ಯಾಡ. ಆಮ್ಯಾಲ ನೀನೂ ಕುಡಿ, ಮಗೀಗೂ ಕುಡಿಸು. ಮನಿತನಾನ ಶಾಂತ ಆಗ್ತೈತಿ."

ನಾಗಮಣಿ ಚಾಚೂ ತಪ್ಪದೆ ಮಾಡಿದಳು. ದಿನಾ ಸಂಜೆ ಹಸಿಹಾಲಿನ ಲೋಟವನ್ನು ಫೋಟೋದ ಮುಂದಿಟ್ಟು ಕೈ ಮುಗಿಯುವಳು, ಅರ್ಧ ತಾನು ಕುಡಿದು ಅರ್ಧ ಮಗಳಿಗೆ ಕುಡಿಸುವಳು. "ವಾಸ್ನೆ ಅಮ್ಮ" ಎಂದು ಮಗು ಮೂತಿ ಸಿಂಡರಿಸಿದರೆ ಗದರಿಸುವಳು. ಕಾಲು ನೋವು ಕಮ್ಮಿಯಾಗಲಿಲ್ಲ. ಒಂದು ಬೆಳಿಗ್ಗೆ ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿದ ಸುಶ್ಮಿತಾ ಹೊಸ್ತಿಲಲ್ಲೇ ಕುಸಿದು ಕೂತಳು.

"ಅಮ್ಮ, ಮಂಡಿ ನೋಯ್ತೈತೆ."

ನಾಗಮಣಿ ಓಡಿಹೋಗಿ ಮಗಳ ಕುತ್ತಿಗೆಗೆ ಮೂಗು ಇಟ್ಟಳು. ಒದ್ದೆ ಹುಲ್ಲು.

ಫೋಟೋದ ಮುಂದೆ ಹೋಗಿ ಅರಚಿಯೇ ಬಿಟ್ಟಳು, "ನನ್ನ ತಿನ್ನು ಬೇಕಾದ್ರೆ! ನಿನ್ನ ಮೊಮ್ಮಗಳು ಕಣೇ ಅದು, ನೀನೇ ಎತ್ತಾಡ್ಸಿದ ಕೂಸು! ಅದನ್ಯಾಕೆ ಹಿಡೀತೀಯ?" ಫೋಟೋದಲ್ಲಿ ಕದಿರಮ್ಮ ಎಂದಿನಂತೆ ಮುಖ ಗಂಟಿಕ್ಕಿಕೊಂಡಿದ್ದಳು. ಗಂಗರಾಜು ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಹಿಂದೂಪುರಕ್ಕೆ ಹೊರಟ.

ಮಕ್ಕಳ ಡಾಕ್ಟರು ಶ್ರೀಲತಾ ಅಲ್ಲಿಗೆ ಹೊಸಬರು. ಮಗುವಿನ ಮಂಡಿ ಒತ್ತಿ, ಹೊಟ್ಟೆ ಮುಟ್ಟಿ ನೋಡಿ ಕೇಳಿದರು, "ಬೆವರ್ತಾಳಾ?"

ನಾಗಮಣಿಗೆ ಇನ್ನು ಮುಚ್ಚಿಡುವ ತ್ರಾಣವಿರಲಿಲ್ಲ. "ಬೆವರ್ತಾಳೆ ಮೇಡಂ. ಒದ್ದೆ ಹುಲ್ಲಿನ ವಾಸ್ನೆ. ನಂಗೂ ಅದೇ. ಸತ್ತೋದ ನಮ್ಮತ್ತೆಗೂ ಇದೇ ನೋವು, ಇದೇ ವಾಸ್ನೆ ಇತ್ತು. ಅವಳೇ ನಮ್ಮನ್ನ ಹಿಡ್ಕಂಡವ್ಳೆ. ನೀವು ನಕ್ರೂ ಪರವಾಗಿಲ್ಲ."

ಡಾಕ್ಟರು ನಗಲಿಲ್ಲ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಮನೇಲಿ ಆಡು ಕುರಿ ಇದಾವೇನಮ್ಮ?"

"ಒಂದು ಆಡೈತೆ."

"ಅದು ಕಂದು ಹಾಕಿತ್ತಾ? ದಿನ ತುಂಬೋ ಮುಂಚೆ ಸತ್ತ ಮರಿ ಹಾಕೋದು?"

"ಹಾಕಿತ್ತು. ಅತ್ತೆ ಇದ್ದಾಗ ಒಂದ್ಸಲ, ಅವಳೇ ಕೈ ಹಾಕಿ ಎಳದ್ಲು. ಅವಳು ಸತ್ಮೇಲೆ ಇನ್ನೊಂದ್ಸಲ. ಆಗ ನಾನು ಎಳದೆ."

"ಹಾಲು ಕಾಸಿ ಕುಡೀತೀರಾ?"

"ಹಸೀದೇ ಮೇಡಂ. ಮಗೀಗೂ ನಾನೇ ಕುಡಿಸ್ದೆ" ಅಂದಳು ನಾಗಮಣಿ. ಪಕ್ಕದಲ್ಲಿ ನಿಂತಿದ್ದ ಗಂಗರಾಜು ತಲೆ ತಗ್ಗಿಸಿದ.

ತಾಯಿ ಮಗಳಿಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಆ ವಾರವೇ ವರದಿ ಬಂತು. ಕಂದು ರೋಗ. ಆಡಿನ ಕಂದು ಮುಟ್ಟಿದ್ದರಿಂದ, ಅದರ ಹಸಿಹಾಲಿನಿಂದ ಮನುಷ್ಯರಿಗೆ ಬಂದು ಕೀಲಿನಲ್ಲಿ ಕೂರುವ ರೋಗ. ವಾಸಿಯಾಗುತ್ತದೆ, ಆದರೆ ಒಂದೂವರೆ ತಿಂಗಳು ಒಂದು ದಿನವೂ ಔಷಧಿ ತಪ್ಪಿಸಬಾರದು. ಮಗುವಿಗೆ ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು ಅಂದರು ಡಾಕ್ಟರು. ಆಡನ್ನು ಮಾರಬೇಡಿ, ಪಶುವೈದ್ಯರಿಗೆ ತಿಳಿಸಿ ಅಂದರು.

"ನಮ್ಮತ್ತೆಗೆ?" ಕೇಳಿದಳು ನಾಗಮಣಿ.

"ಪರೀಕ್ಷೆ ಮಾಡದೆ ಖಂಡಿತಾ ಹೇಳಕ್ಕಾಗಲ್ಲಮ್ಮ. ಆದ್ರೆ ನೀವು ಹೇಳೋದು ಕೇಳಿದ್ರೆ, ಅದೇ ಇರ್ಬೇಕು."

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾಗಮಣಿ ಬಿಕ್ಕಿಬಿಕ್ಕಿ ಅತ್ತಳು. ಮಗಳು ಉಳಿದಳೆಂಬ ಸಂತೋಷಕ್ಕೆ ಎಂದು ಗಂಗರಾಜು ತಿಳಿದ. ಅದಕ್ಕೂ ಹೌದು. ಆದರೆ ಹೆಚ್ಚು ಅತ್ತಿದ್ದು ಮುದುಕಿಗಾಗಿ. ಆಡು ಇದೆಯಾ, ಹಾಲು ಕಾಸುತ್ತೀಯಾ ಎಂದು ಕದಿರಮ್ಮನನ್ನು ಕೇಳಿದವರು ಒಬ್ಬರೂ ಇರಲಿಲ್ಲ.

ಆ ಸಂಜೆ ಗಂಗರಾಜು ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಕರಿಯಾಡಿನ ಹಾಲು ಕರೆದು ಕೊಟ್ಟ. ನಾಗಮಣಿ ಒಲೆ ಹಚ್ಚಿ ಪಾತ್ರೆ ಇಟ್ಟಳು. ಆ ಮನೆಯಲ್ಲಿ ಆಡಿನ ಹಾಲು ಬೆಂಕಿ ಕಂಡಿದ್ದು ಅದೇ ಮೊದಲು. ಹಾಲು ಉಕ್ಕಿ ಉಕ್ಕಿ ಕುದಿಯುವವರೆಗೆ ಇಳಿಸಲಿಲ್ಲ. ಲೋಟಕ್ಕೆ ಬಗ್ಗಿಸಿ ಫೋಟೋದ ಮುಂದಿಟ್ಟಳು.

"ಅತ್ತೆ, ಅದು ವಯಸ್ಸಲ್ಲವಂತೆ. ಅದಕ್ಕೊಂದು ಹೆಸರೈತಂತೆ. ನೀನು ಶಾಪ ಹಾಕ್ದೆ ಅಂತ ತಿಳ್ಕಂಡಿದ್ದೆ. ನಿಜವೇ ಹೇಳಿದ್ದೆ ನೀನು. ನಂಗೆ ಬಂತು, ಗೊತ್ತಾಯ್ತು."

ಕೋಲನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಳು. ಸುಶ್ಮಿತಾ ಅವಳ ತೊಡೆಗೆ ತಲೆ ಆನಿಸಿ ಮಲಗಿದ್ದಳು. ದೀಪ ಹಚ್ಚುವ ಹೊತ್ತಾಗಿತ್ತು. ಆಗ ಅಂಗಳದ ಚಪ್ಪಡಿಯ ಮೇಲೆ ಟಕ್ ಎಂದಿತು. ಒಂದು ಹೆಜ್ಜೆ ಬಿಟ್ಟು, ಮತ್ತೆ ಟಕ್.

ಮಗು ಕಣ್ಣು ಬಿಟ್ಟಿತು. ಅಮ್ಮನ ಮಡಿಲಲ್ಲಿದ್ದ ಕೋಲನ್ನು ಮುಟ್ಟಿ ನೋಡಿತು. "ಅಮ್ಮ, ಕೋಲು ಇಲ್ಲೇ ಐತಲ್ಲ. ಯಾರದು?"

ನಾಗಮಣಿ ನೋವಿನಲ್ಲೇ ಎದ್ದು, ಮೂಲೆಯಲ್ಲಿ ಸುತ್ತಿಟ್ಟಿದ್ದ ಹಳೇ ಚಾಪೆಯನ್ನು ಪಡಸಾಲೆಯಲ್ಲಿ ಹಾಸಿದಳು.

"ನಿಮ್ಮಜ್ಜಿ" ಅಂದಳು. "ಕಾಲು ನೋಯ್ತಾವಂತೆ. ಸ್ವಲ್ಪ ಜಾಗ ಬಿಡು."