ಜಾಬರನ ಕಿವಿ, ಮಗಳ ಡಬ್ಬಿ

ಮಯೂರಿಗೆ ಬಾರದ ಕೆಲಸ ಒಂದಿದ್ದರೆ, ಅದನ್ನು ಅವಳು ಇನ್ನೂ ಕೈಗೆತ್ತಿಕೊಂಡಿಲ್ಲ ಎಂದಷ್ಟೇ ಅರ್ಥ. ಹಾಗಂತ ಅವಳೇ ನಂಬಿದ್ದಳು. ಮಿಕ್ಸರ್ ಕೆಟ್ಟರೆ ಬಿಚ್ಚುತ್ತಿದ್ದಳು, ಸ್ಕೂಟಿಯ ಬ್ರೇಕ್ ಸಡಿಲಾದರೆ ಬಿಗಿಯುತ್ತಿದ್ದಳು. ಹುಕ್ಕೇರಿಯ ದವಾಖಾನೆಯಲ್ಲಿ ಔಷಧಿ ಕೊಡುವ ಕೆಲಸ ಅವಳದು. ದಿನಾ ಕೊಣ್ಣೂರಿನಿಂದ ಹೋಗಿಬರುವ ಬಸ್ಸಿನಲ್ಲಿ ಮೊಬೈಲು ಹಿಡಿದು ಸ್ಪೀಕರ್ ಕಟ್ಟುವ ವಿಡಿಯೋ ನೋಡಿ ನೋಡಿ, ಒಂದು ಸಂಜೆ ಮನೆಗೆ ಬಂದವಳೇ, ಪುಸ್ತಕದ ಕಪಾಟಿನಲ್ಲಿ ಕೂರುವಂಥ ಎರಡು ಸ್ಪೀಕರುಗಳನ್ನು ತಾನೇ ಕಟ್ಟುವುದಾಗಿ ಸಾರಿಬಿಟ್ಟಳು.

ಅವಳಿಗೇನೂ ಹಾಡಿನ ಹುಚ್ಚಿರಲಿಲ್ಲ. ಇದೆಲ್ಲ ಅಪ್ಪನಿಗಾಗಿ. ಉದ್ದಪ್ಪ ಊರಿನ ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್ ಆಗಿದ್ದವನು, ಅಂದರೆ ಮಗ್ಗಗಳ ರಿಪೇರಿಯ ಮೇಸ್ತ್ರಿ. ಎದುರಿಗಿದ್ದವನ ಮಾತೂ ಕೇಳದ ಆ ಗದ್ದಲದಲ್ಲಿ ಬಾಗಿಲ ಹತ್ತಿರ ನಿಂತು, ಯಾವ ಸಾಲಿನ ಯಾವ ಮಗ್ಗ ಲಯ ತಪ್ಪಿದೆ ಎಂದು ಬರೀ ಕಿವಿಯಿಂದ ಹಿಡಿಯುತ್ತಿದ್ದ. ಊರು ಅವನ ಮುಖಕ್ಕಿಂತ ಅವನ ಕಿವಿಗೇ ಹೆಚ್ಚು ಮರ್ಯಾದೆ ಕೊಡುತ್ತಿತ್ತು. ಕೆಲಸ ಬಿಟ್ಟ ಮೇಲೆ ಏನಾಯಿತೋ, ಸದಾ ತತ್ವಪದ ಗುನುಗುತ್ತಿದ್ದ ಮನುಷ್ಯ ಹಾಡು ಕೇಳುವುದನ್ನೂ ಬಿಟ್ಟ, ಹಾಡುವುದನ್ನೂ ಬಿಟ್ಟ. ಈಗಿನವರು ಬಾಯಿ ಬಿಚ್ಚಿ ಹಾಡುವುದಿಲ್ಲ, ಗೊಣಗುತ್ತಾರೆ ಎಂಬುದು ಅವನ ದೂರು. ದವಾಖಾನೆಗೆ ಬಂದು ಕಿವಿ ತೋರಿಸೆಂದು ಮಯೂರಿ ಒಮ್ಮೆ ಹೇಳಿದ್ದಕ್ಕೆ ತಾಟು ಸರಿಸಿ ಊಟ ಬಿಟ್ಟು ಎದ್ದಿದ್ದ. ಜಾಬರನಿಗೆ ಕಿವಿ ಹೋಗಿದೆ ಅನ್ನುವುದೂ ಅವನು ಸತ್ತ ಅನ್ನುವುದೂ ಒಂದೇ. ಅದಕ್ಕೇ ಮಯೂರಿ ದಾರಿ ಬದಲಿಸಿದ್ದಳು: ಕಿವಿಯ ಮಾತೇ ಬೇಡ, ಸ್ಪೀಕರು ಚೊಕ್ಕವಾಗಿದ್ದರೆ ಅಪ್ಪ ಮತ್ತೆ ಹಾಡಿಯಾನು.

ಗೋಕಾಕದ ಅಂಗಡಿಗಳಲ್ಲಿ ಹಲಗೆ ಕೇಳಿದರೆ ಇಡೀ ಹಾಳೆ ಕೊಳ್ಳಿ ಎಂದರು. ಮೂಡಲಗಿಯಲ್ಲಿ ಕಪಾಟು ಮಾಡಿಕೊಡುವ ಕಾಶಿನಾಥ ಮಾತ್ರ ಉಳಿದ ತುಂಡುಗಳನ್ನೇ ಕೊಯ್ದು ಕೊಡಲು ಒಪ್ಪಿದ. ಸ್ಪೀಕರೆಂದರೆ ಮದುವೆಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಬಂದು ಎದೆ ನಡುಗಿಸುವ ಆಳೆತ್ತರದ ಡಾಲ್ಬಿ ಎಂದೇ ತಿಳಿದಿದ್ದ ಅವನು ಮಯೂರಿ ಕೊಟ್ಟ ಅಳತೆ ನೋಡಿ, ಇದರಲ್ಲಿ ಏನು ಸಾಕುತ್ತೀರಿ ಎಂದು ಕೇಳಿದ. ಗಾಳಿ ಆಡಲು ಹಿಂದಿನ ಹಲಗೆಗೆ ಒಂದು ತೂತು ಬೇಕೆಂದಾಗ, ಇಲಿ ಹೊಕ್ಕರೆ ತನ್ನನ್ನು ಬೈಯಬಾರದು ಎಂಬ ಕರಾರಿನ ಮೇಲೆ ಕೊರೆದುಕೊಟ್ಟ.

ಮನೆಯಲ್ಲಿ ಹದಿನೈದು ದಿನ ಅಂಟಿನ ವಾಸನೆ. ಅಂಟು ಒಣಗುವವರೆಗೆ ಹಲಗೆಗಳು ಜರುಗದಿರಲೆಂದು ಹಳೆಯ ಸೀರೆಯಿಂದ ಬಿಗಿದು, ಮೇಲೆ ಬೀಸುವ ಕಲ್ಲು ಹೇರಿಟ್ಟಳು. ಮೊದಲ ಸಲ ಒಂದು ಡಬ್ಬಿಯ ತಂತಿಗಳನ್ನು ಅದಲುಬದಲು ಕೂಡಿಸಿದ್ದರಿಂದ ಹಾಡುವವನ ದನಿ ನಟ್ಟನಡುವೆ ನಿಲ್ಲದೆ ಗೋಡೆಯ ತುಂಬ ಚೆದುರಿಹೋಯಿತು. ಎದೆಗುಂದುವ ಜಾತಿಯಲ್ಲ ಅವಳು. ಬಿಚ್ಚಿ ತಿರುವಿ ಹಾಕಿದಳು, ದನಿ ಬಂದು ತನ್ನ ಜಾಗದಲ್ಲಿ ನಿಂತಿತು. ಆ ಸಂಜೆ ಅವಳು ಒಬ್ಬಳೇ ನಕ್ಕಳು.

ಉಳಿದದ್ದು ಒಂದೇ ಕೆಲಸ, ಅದೇ ನಾಜೂಕಿನದು. ಒಂದೊಂದು ಡಬ್ಬಿಗೂ ಎರಡು ಬಾಯಿ: ದಪ್ಪ ದನಿಗೆ ಅಂಗೈಯಗಲದ್ದು, ಚೂಪು ದನಿಗೆ ನಾಣ್ಯದಷ್ಟು ಚಿಕ್ಕದು. ಚಿಕ್ಕ ಬಾಯಿಗೇ ಗಂಟಲು ಜೋರು. ಅದನ್ನು ತಗ್ಗಿಸಲು ರೆಸಿಸ್ಟರ್ ಎಂಬ ಪುಟ್ಟ ತುಂಡೊಂದನ್ನು ನಡುವೆ ಬೆಸೆಯಬೇಕು. ಎಷ್ಟು ತಗ್ಗಿಸಬೇಕೆಂಬುದನ್ನು ಕೇಳುವ ಕಿವಿಯೇ ಹೇಳಬೇಕು. ಕೊಣ್ಣೂರಿನಲ್ಲಿ ಕಿವಿ ಎಂದರೆ ಯಾರದು?

ಉದ್ದಪ್ಪ ಗೋಡೆಗೆ ಒರಗಿ ಕೂತ. ಶೆಡ್ಡಿನಲ್ಲಿ ಅವನ ಜೊತೆ ನೇಯುತ್ತಿದ್ದ ಯಲ್ಲಪ್ಪನೂ ರಾಜಪ್ಪನೂ ಪಂಚರಂತೆ ಅಕ್ಕಪಕ್ಕ ಕೂತರು. ಮಾತು ಕೇಳದ ಶೆಡ್ಡಿನಲ್ಲಿ ಜಾಬರ್ ಕೈಸನ್ನೆಯಿಂದಲೇ ಎಲ್ಲ ಹೇಳುವುದು. ಅವನು ಅಂಗೈ ಚಾಚುವವರೆಗೆ ಮಗ್ಗ ಸರಿಯಾಯಿತು ಅನ್ನುವಂತಿಲ್ಲ. ಇಲ್ಲೂ ಅದೇ ನಡೆಯಿತು. ಮಯೂರಿ ಹಾಡು ಹಚ್ಚಿದಳು, ಉದ್ದಪ್ಪ ಬೆರಳು ಮೇಲೆತ್ತಿದ: ಚೂಪು ದನಿ ಇನ್ನಷ್ಟು ಏರಲಿ. ರೆಸಿಸ್ಟರ್ ಬದಲಿಸಿದಳು, ಮತ್ತೆ ಬೆರಳು. ಕೊನೆಗೆ ಆ ತುಂಡನ್ನೇ ಕಿತ್ತು ಹಾಕಿದಾಗ ಉದ್ದಪ್ಪನ ಅಂಗೈ ಚಾಚಿತು, ಪಂಚರ ತಲೆಗಳೂ ಆಡಿದವು. ಮಯೂರಿಗೆ ತನ್ನ ಕಿವಿ ಸ್ವಲ್ಪ ಉರಿದಂತಾಯಿತು. ಆದರೆ ಮೂರು ಮಗ್ಗದ ಕಿವಿಗಳು ಒಪ್ಪಿದ ಮೇಲೆ ನಿನ್ನೆ ಮೊನ್ನೆ ಕಲಿತ ತನ್ನದೇನು ತಕರಾರು? ನನ್ನ ಕಿವಿ ಇನ್ನೂ ಪಳಗಿಲ್ಲ ಎಂದುಕೊಂಡಳು.

ಅಲ್ಲಿಂದ ಮುಂದಿನ ದಿನಗಳು ಹಬ್ಬದಂತಿದ್ದವು. ಉದ್ದಪ್ಪ ಬೆಳಗಿನ ಚಹಾದ ಜೊತೆಗೆ ಡಬ್ಬಿ ಹಚ್ಚಿದರೆ ಮುಗಿಯಿತು. ಹಾಡಿನ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ಹೋಗಿಬರುವವರನ್ನೆಲ್ಲ ಕರೆದು ಕೂರಿಸಿದ. ನಾಲ್ಕನೆಯ ದಿನ ಹಾಡಿನ ಜೊತೆ ತಾನೂ ದನಿಗೂಡಿಸಿದ. ಒಳಗೆ ರೊಟ್ಟಿ ಬುತ್ತಿ ಕಟ್ಟುತ್ತಿದ್ದ ಮಯೂರಿ ಅದನ್ನು ಕೇಳಿ ಸುಮ್ಮನೆ ನಿಂತುಬಿಟ್ಟಳು, ಬಸ್ಸು ತಪ್ಪಿತು, ಅವಳಿಗೇನೂ ಬೇಸರವಾಗಲಿಲ್ಲ. ಅವಳ ಅವ್ವ ಲಗಮವ್ವ ಮಾತ್ರ ಹಾಡು ಶುರುವಾದೊಡನೆ ಜೋಳ ಹಸನು ಮಾಡಬೇಕೆಂದು ಮೊರ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು.

ಭಾನುವಾರ ಹುಕ್ಕೇರಿಯಿಂದ ವಿದ್ಯಾ ಬಂದಳು. ದವಾಖಾನೆಯಲ್ಲಿ ಮಯೂರಿಯ ಜೊತೆಗಾತಿ, ಒಳ್ಳೆಯ ಹಾಡುಗಾರ್ತಿ. ಮಯೂರಿಯ ಜಂಭ ಕೇಳಿ ಕೇಳಿ ಸಾಕಾಗಿ, ಕಣ್ಣಾರೆ ನೋಡೋಣವೆಂದೇ ಬಂದವಳು. ಎರಡು ಹಾಡು ಕೇಳಿದಳು, ಡಬ್ಬಿಗಳ ಅಂದವನ್ನು ಹೊಗಳಿದಳು, ಉದ್ದಪ್ಪನಿಗೆ ಕೈಮುಗಿದು ಹೊರಟಳು. ಗೇಟಿನ ಹತ್ತಿರ ಬಂದಮೇಲೆ ಎರಡೂ ಕಿವಿ ಒತ್ತಿಕೊಂಡಳು.

"ಸಿಟ್ಟಾಗಬ್ಯಾಡ ಮಯೂರಿ," ಎಂದಳು. "ಒಳಗ ಹಲ್ಲು ಕಚ್ಚಿ ಕುಂತಿದ್ದೆ. ಸ, ಶ ಬಂದಾಗೊಮ್ಮೆ ಕಿವ್ಯಾಗ ಸೂಜಿ ಚುಚ್ಚಿದಂಗ ಆಗತೈತಿ. ನಿಮ್ಮ ಅಪ್ಪಾರಿಗೆ ಇದು ಹೆಂಗ ತಡಿತೈತಿ?"

ವಿದ್ಯಾ ಹೋದಳು. ಮಯೂರಿ ಗೇಟು ಹಿಡಿದು ನಿಂತಳು. ಅವಳಿಗೆ ಎಲ್ಲ ಒಮ್ಮೆಗೇ ಹೊಳೆಯಿತು. ಒಂದೇ ಶೆಡ್ಡಿನ ಗದ್ದಲ ಮೂವರ ಕಿವಿಯಿಂದಲೂ ಚೂಪು ದನಿಗಳನ್ನೇ ತಿಂದುಹಾಕಿತ್ತು. ಅಂಥ ಮೂವರನ್ನು ಕೂರಿಸಿಕೊಂಡು ಸದ್ದು ಅಳೆದವಳು ತಾನು. ತಪ್ಪು ತಿದ್ದುವುದೇನು ಮಹಾ, ಎರಡು ತುಂಡು ಮತ್ತೆ ಬೆಸೆದರಾಯಿತು. ಆದರೆ ಬೆಸೆದ ಗಳಿಗೆಗೆ ಅಪ್ಪನ ಹಾಡು ಮತ್ತೆ ಗೊಣಗಾಟವಾಗುತ್ತದೆ. ಅವನು ಮತ್ತೆ ಬಾಯಿ ಮುಚ್ಚುತ್ತಾನೆ. ಬಿಟ್ಟರೆ, ಇಡೀ ಊರನ್ನು ಕರೆದು ಕೂರಿಸುವ ಅಪ್ಪ ಒಂದು ದಿನ ಯಾರದೋ ನಗೆಗೆ ಈಡಾಗುತ್ತಾನೆ. ಬಾರದ ಕೆಲಸವೇ ಇಲ್ಲದ ಮಯೂರಿಗೆ ಅವತ್ತು ಏನು ಮಾಡಬೇಕೆಂದೇ ತೋಚಲಿಲ್ಲ.

ತಿರುಗಿದರೆ ಉದ್ದಪ್ಪ ಬಾಗಿಲಲ್ಲಿ ನಿಂತಿದ್ದ. ವಿದ್ಯಾಳ ಮಾತು ಅವನಿಗೆ ಕೇಳಿಸಿರಲಿಲ್ಲ. ಅವಳು ಕಿವಿ ಒತ್ತಿಕೊಂಡದ್ದು ಕಂಡಿತ್ತು. ಏನಂದಳು ಎಂದು ಕೇಳಿದ. ಮಯೂರಿ ಬಸ್ಸಿನ ಮಾತು ತೆಗೆದಳು. ಅವನು ಮಗಳ ಮುಖ ನೋಡಿ, ನೇರ ಹಿತ್ತಲಿಗೆ ನಡೆದ. ಮಯೂರಿ ಹಿಂದೆಯೇ ಓಡಿದಳು. ಲಗಮವ್ವ ಹಸನಾದ ಜೋಳವನ್ನೇ ಮತ್ತೆ ಕೇರುತ್ತಿದ್ದಳು.

"ನಿನಗ ಹೆಂಗ ಕೇಳತೈತಿ ಆ ಡಬ್ಬಿ?" ಎಂದ ಉದ್ದಪ್ಪ. ಇಷ್ಟು ದಿನ ಆ ಮನೆಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ, ಮಯೂರಿಯೂ ಕೇಳಿರಲಿಲ್ಲ.

ಲಗಮವ್ವ ಮೊರ ಕೆಳಗಿಟ್ಟಳು. ಗಂಡನಿಗೆ ತಿಳಿಯಲೆಂದು ಮುಖ ಎತ್ತಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಖರೆ ಹೇಳ್ತೇನ್ರಿ. ಕಿವಿ ಹರದು ಹೋಗತಾವು. ನೀವು ಹಾಡಾಕತ್ತಿದ್ರಿ, ಅದಕ್ಕ ಸುಮ್ಮಿದ್ದೆ. ನಿಮ್ಮ ಹಾಡು ಕೇಳಿ ಎಷ್ಟ ವರ್ಷ ಆಗಿತ್ತು."

ಉದ್ದಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತ. ಸಿಟ್ಟಾಗುತ್ತಾನೆ ಎಂದು ಮಯೂರಿ ಕಾದಳು. ಅವನಿಗೆ ಸಿಟ್ಟು ಬರಲಿಲ್ಲ. ಅಷ್ಟೂ ದಿನ ತಾನು ಹಾಡಿದ್ದನ್ನು ಹೆಂಡತಿ ಹಿತ್ತಲಲ್ಲಿ ಕೂತು, ಕಿವಿ ನೋಯಿಸಿಕೊಂಡು ಕೇಳಿದ್ದಳು. ಅದು ಅವನಿಗೆ ತಟ್ಟಿತು, ತಟ್ಟಿದ್ದು ಮುಖದ ಮೇಲೆ ಕಾಣಿಸಿತು. ಮೇಲಕ್ಕೆದ್ದವನ ದನಿಯಲ್ಲಿ ಶೆಡ್ಡಿನ ಹಳೆಯ ಗತ್ತಿತ್ತು.

"ಮಯೂರಿ, ಕಿತ್ತಿದ್ದ ತುಂಡು ತಿರುಗಿ ಹಚ್ಚು. ಇಕಿ ಒಳಗ ಕುಂತ ಕೇಳೋಹಂಗ ಆಗಬೇಕು."

"ಹಚ್ಚಿದರ ನಿನಗ ಕೇಳೂದಿಲ್ಲಪ್ಪಾ," ಎಂದಳು ಮಯೂರಿ. ಅಪ್ಪ ಊಟ ಬಿಟ್ಟು ಎದ್ದ ದಿನದಿಂದ ಹಿಡಿದಿಟ್ಟಿದ್ದ ಮಾತು, ಕೊನೆಗೂ ಹೊರಗೆ ಬಿತ್ತು.

"ಗೊತ್ತೈತಿ," ಎಂದ ಉದ್ದಪ್ಪ. "ಬ್ಯಾನಿ ನನ್ನ ಕಿವಿದು. ಡಬ್ಬಿಗ್ಯಾಕ ಔಷಧ ಹಾಕತಿ? ನಾಳೆ ನಿನ್ನ ಹುಕ್ಕೇರಿ ಬಸ್ ಎಷ್ಟೊತ್ತಿಗೆ ಐತಿ ಹೇಳು. ಯಲ್ಲಪ್ಪ, ರಾಜಪ್ಪಗೂ ತಯಾರಾಗಾಕ ಹೇಳಿ ಬರತೇನಿ."